ಮೋಟರ್‌ಹೋಮ್‌ನಲ್ಲಿ ಮೆಕ್ಸಿಕೋ: ಯಾರೂ ನಿಲ್ಲಿಸದ ಗಡಿಯಲ್ಲಿ ನೀವೇ ಎಲ್ಲಿ ನಿಲ್ಲಬೇಕು

ಟೆಕ್ಸಸ್, ಅರಿಜೋನಾ, ಕ್ಯಾಲಿಫೋರ್ನಿಯಾಗಳಲ್ಲಿ ನೆಲೆಸಿರುವ ಕನ್ನಡದ ಕುಟುಂಬಗಳಿಂದ ಚಳಿಗಾಲದ ರಜೆಯ ಹೊತ್ತಿಗೆ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಮೋಟರ್‌ಹೋಮ್ ತೆಗೆದುಕೊಂಡು ಮೆಕ್ಸಿಕೋಗೆ ಹೊರಟಿದ್ದೆವು, ಗಡಿ ಸಲೀಸಾಗಿ ದಾಟಿತು, ಆಮೇಲೆ ಚೆಕ್‌ಪೋಸ್ಟ್‌ನಿಂದ ವಾಪಸು ಕಳಿಸಿದರು. ಏನು ತಪ್ಪಾಯಿತು?"

ತಪ್ಪು ಆ "ಸಲೀಸಾಗಿ" ಎಂಬಲ್ಲೇ ಇದೆ. ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ತೋರಿಸದೆ ಹೊರಗೆ ಕಾಲಿಡುವುದು ಸಾಧ್ಯವಿಲ್ಲ. ಮೆಕ್ಸಿಕೋದ ಭೂಗಡಿಯಲ್ಲಿ ಅದು ಸಾಧ್ಯ. ಸೇತುವೆ ಮುಗಿಯುತ್ತದೆ, ಕಸ್ಟಮ್ಸ್ ಸಿಬ್ಬಂದಿ ಕೈಬೀಸಿ ಮುಂದೆ ಹೋಗಲು ಹೇಳುತ್ತಾರೆ, ಗಾಡಿ ಊರೊಳಗೆ ಬಂದೇಬಿಡುತ್ತದೆ. ವಲಸೆ ಕಚೇರಿ ಪಕ್ಕದ ಕಟ್ಟಡದಲ್ಲಿ ಇತ್ತು, ಅಲ್ಲಿ ನೀವಾಗಿಯೇ ನಿಲ್ಲಬೇಕಿತ್ತು ಎಂಬುದು ಇಪ್ಪತ್ತು ಮೂವತ್ತು ಕಿಲೋಮೀಟರ್ ಆಚೆ ಗೊತ್ತಾಗುತ್ತದೆ. ಕೆಲವರಿಗೆ ತಿಂಗಳುಗಳ ನಂತರ, ಮರಳುವ ದಿನ ಗೊತ್ತಾಗುತ್ತದೆ.

ಆದ್ದರಿಂದ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಒಂದನ್ನು ಬಿಟ್ಟು ಮುಂದಿನದಕ್ಕೆ ಹೋದರೆ ಮತ್ತೆ ಹಿಂದಕ್ಕೆ ಬರಬೇಕಾಗುತ್ತದೆ, ಅದೂ ಹತ್ತು ಮೀಟರ್ ಉದ್ದದ ಗಾಡಿಯನ್ನು ಗಡಿಯ ಸಂದಣಿಯಲ್ಲಿ ತಿರುಗಿಸಿಕೊಂಡು.

ಹಂತ 1: ಮೊದಲು ನಿಮ್ಮ ಪ್ರವೇಶ, ಆಮೇಲೆ ಗಾಡಿಯದು

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಮೆಕ್ಸಿಕೋ ವೀಸಾ ಬೇಕು. ಆದರೆ ಪಾಸ್‌ಪೋರ್ಟ್‌ನಲ್ಲಿ ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಇದ್ದರೆ, ಅಥವಾ ಅಮೆರಿಕದ ಗ್ರೀನ್ ಕಾರ್ಡ್ ಇದ್ದರೆ, ಪ್ರವಾಸಿಗರಾಗಿ ಹೋಗಲು ಪ್ರತ್ಯೇಕ ವೀಸಾ ಬೇಡ.

ಎಚ್-1ಬಿ ಉದ್ಯೋಗ ವೀಸಾದ ಕುಟುಂಬಗಳು ಮುಗ್ಗರಿಸುವುದು ಇಲ್ಲಿಯೇ. ಪಾಸ್‌ಪೋರ್ಟ್‌ನಲ್ಲಿರುವ ವೀಸಾ ಮುದ್ರೆಯ ಅವಧಿ ಮುಗಿದಿರುತ್ತದೆ, ಆದರೆ ಐ-797 ಅನುಮೋದನಾ ಪತ್ರ ಮತ್ತು ಅಮೆರಿಕ ಪ್ರವೇಶದ ದಾಖಲೆಯಾದ ಐ-94 ಚಾಲ್ತಿಯಲ್ಲಿರುತ್ತವೆ. ಮೂವತ್ತು ದಿನದೊಳಗೆ ಮೆಕ್ಸಿಕೋದಿಂದ ಮರಳಿದರೆ ಹಳೆಯ ವೀಸಾದ ಮೇಲೆಯೇ ಒಳಬಿಡುವ ಸ್ವಯಂ ನವೀಕರಣದ ನಿಯಮ ಅಮೆರಿಕದಲ್ಲಿ ಇದೆ. ಅದನ್ನು ಓದಿ ಜನ ಧೈರ್ಯವಾಗಿ ಹೊರಡುತ್ತಾರೆ. ಆ ನಿಯಮ ನಿಮ್ಮನ್ನು ಅಮೆರಿಕಕ್ಕೆ ಮರಳಿಸುತ್ತದೆಯೇ ಹೊರತು ಮೆಕ್ಸಿಕೋ ಒಳಗೆ ಬಿಡಿಸುವುದಿಲ್ಲ. ಮೆಕ್ಸಿಕೋ ಅಧಿಕಾರಿ ನೋಡುವುದು ಪಾಸ್‌ಪೋರ್ಟ್‌ನಲ್ಲಿ ಅಂಟಿಸಿದ, ಅವಧಿ ಮುಗಿಯದ ವೀಸಾವನ್ನು. ಅದಿಲ್ಲದಿದ್ದರೆ ನಿಮ್ಮ ಊರಿನ ಹತ್ತಿರದ ಮೆಕ್ಸಿಕೋ ಕಾನ್ಸುಲೇಟ್‌ನಲ್ಲಿ ಮೊದಲೇ ವೀಸಾ ಮಾಡಿಸಿಕೊಳ್ಳಿ. ಹೆಂಡತಿ, ಗಂಡ, ಮಕ್ಕಳ ಪಾಸ್‌ಪೋರ್ಟ್‌ಗಳನ್ನೂ ಒಂದೊಂದಾಗಿ ತೆರೆದು ದಿನಾಂಕ ನೋಡಿ. ಒಬ್ಬರ ಮುದ್ರೆ ಹಳೆಯದಾಗಿದ್ದರೆ ಇಡೀ ಗಾಡಿ ನಿಂತ ಹಾಗೆಯೇ.

ಹಂತ 2: ಗಾಡಿ ಯಾರ ಹೆಸರಿನಲ್ಲಿದೆ?

ಬಾಡಿಗೆ ಮೋಟರ್‌ಹೋಮ್‌ನಲ್ಲಿ ಹೊರಡುವ ಯೋಚನೆ ಇದ್ದರೆ ಇಲ್ಲೇ ನಿಲ್ಲಿ. ಅಮೆರಿಕದ ಬಾಡಿಗೆ ಸಂಸ್ಥೆಗಳಲ್ಲಿ ಹೆಚ್ಚಿನವು ಮೆಕ್ಸಿಕೋ ಪ್ರವೇಶಕ್ಕೆ ಒಪ್ಪುವುದಿಲ್ಲ. ಕೊಡುವವರಿದ್ದರೂ ಲಿಖಿತ ಅನುಮತಿ ಪತ್ರ ಬೇಕು, ಕರಾರಿನ ಪ್ರತಿಯೂ ಬೇಕು. ಬಾಯಿಮಾತಿನ ಒಪ್ಪಿಗೆ ಗಡಿಯಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಸ್ವಂತ ಗಾಡಿಯಾದರೆ ನೋಂದಣಿ ಪತ್ರ ಅಥವಾ ಟೈಟಲ್ (ಮಾಲೀಕತ್ವದ ಪತ್ರ) ಅರ್ಜಿದಾರರ ಹೆಸರಿನಲ್ಲೇ ಇರಬೇಕು. ಸಾಲದಲ್ಲಿ ಕೊಂಡಿದ್ದರೆ ಸಾಲ ಕೊಟ್ಟ ಬ್ಯಾಂಕಿನಿಂದ ಗಾಡಿಯನ್ನು ಮೆಕ್ಸಿಕೋಗೆ ಒಯ್ಯಲು ಅನುಮತಿ ಪತ್ರ ತರಿಸಿಕೊಳ್ಳಿ. ಇದು ಒಂದು ದಿನದಲ್ಲಿ ಆಗುವ ಕೆಲಸವಲ್ಲ, ಆರೇಳು ವಾರ ಮೊದಲೇ ಕೇಳಿ.

ಇನ್ನೊಂದು ಮುಖ್ಯ ಸಂಗತಿ: ಕಾಗದದಲ್ಲಿ ಗಾಡಿಯ ಬಗೆ ಏನೆಂದು ಬರೆದಿದೆ? ಮೆಕ್ಸಿಕೋ ಕಾನೂನು ಮೋಟರ್‌ಹೋಮನ್ನು "ಕಾಸಾ ರೊದಾಂತೆ", ಅಂದರೆ ಚಲಿಸುವ ಮನೆ, ಎಂದು ಕರೆದು, ಗಾಡಿಯನ್ನು ತಾತ್ಕಾಲಿಕವಾಗಿ ದೇಶದೊಳಗೆ ತರಲು ಹತ್ತು ವರ್ಷದ ಪರವಾನಗಿ ಕೊಡುತ್ತದೆ. ಸಾಮಾನ್ಯ ಕಾರಿಗೆ ಗರಿಷ್ಠ 180 ದಿನ ಮಾತ್ರ, ಜೊತೆಗೆ ಠೇವಣಿ. ನೀವೇ ಹಾಸಿಗೆ, ಒಲೆ ಜೋಡಿಸಿ ಮಾಡಿಸಿದ ವ್ಯಾನ್ ಆಗಿದ್ದು ಕಾಗದದಲ್ಲಿ "ವ್ಯಾನ್" ಎಂದಷ್ಟೇ ಇದ್ದರೆ ಅದನ್ನು ಕಾರಿನ ಲೆಕ್ಕಕ್ಕೆ ಸೇರಿಸುತ್ತಾರೆ. ಒಳಗಿನ ಹಾಸಿಗೆ, ಅಡುಗೆಮನೆ, ಶೌಚಾಲಯದ ಫೋಟೊಗಳನ್ನು ಮುದ್ರಿಸಿಕೊಂಡು ಹೋಗಿ. ಸಾಧ್ಯವಾದರೆ ನಿಮ್ಮ ರಾಜ್ಯದ ಸಾರಿಗೆ ಇಲಾಖೆಯಲ್ಲಿ ಗಾಡಿಯ ಬಗೆಯನ್ನು ಮೋಟರ್‌ಹೋಮ್ ಎಂದು ಬದಲಿಸಿಕೊಳ್ಳಿ.

ಮೋಟರ್‌ಹೋಮ್ ಹಿಂದೆ ಚಿಕ್ಕ ಕಾರು ಕಟ್ಟಿಕೊಂಡು ಹೋಗುವವರು ಕಾರಿಗೂ ಪ್ರತ್ಯೇಕ ಪರವಾನಗಿ ಪಡೆಯಬೇಕು. ಒಬ್ಬರ ಹೆಸರಿಗೆ ಒಂದು ವಾಹನ ಎಂಬುದು ಮೂಲ ನಿಯಮ. ಗಂಡ ಮೋಟರ್‌ಹೋಮಿಗೂ ಹೆಂಡತಿ ಕಾರಿಗೂ ಅರ್ಜಿ ಹಾಕುವುದು ತಕರಾರಿಲ್ಲದ ದಾರಿ. ಅದಕ್ಕೆ ಕಾರಿನ ಕಾಗದ ಹೆಂಡತಿಯ ಹೆಸರಿನಲ್ಲಿ ಇರಬೇಕಾಗುತ್ತದೆ ಎಂಬುದನ್ನು ಈಗಲೇ ಗಮನಿಸಿ.

ಹಳೆಯ ಮೋಟರ್‌ಹೋಮ್ ಕೊಂಡವರಿಗೆ ಒಂದು ಎಚ್ಚರಿಕೆ. ಹಿಂದಿನ ಮಾಲೀಕರು ಮೆಕ್ಸಿಕೋಗೆ ಹೋಗಿ ಬಂದು ಪರವಾನಗಿ ರದ್ದು ಮಾಡಿಸದೇ ಮಾರಿದ್ದರೆ, ಆ ಚಾಸಿ ಸಂಖ್ಯೆಗೆ ಹೊಸ ಪರವಾನಗಿ ಸಿಗುವುದಿಲ್ಲ. ಕೊಳ್ಳುವಾಗಲೇ ಕೇಳಿ ತಿಳಿದುಕೊಳ್ಳಿ, ರದ್ದತಿಯ ರಸೀದಿ ಇದ್ದರೆ ಪಡೆದುಕೊಳ್ಳಿ.

ಹಂತ 3: ಮೆಕ್ಸಿಕೋದ ವಿಮೆ

ಅಮೆರಿಕದ ವಿಮೆ ಗಡಿಯ ಆ ಬದಿಯಲ್ಲಿ ಕಾಗದದ ಚೂರು. ಮೆಕ್ಸಿಕೋದ ಫೆಡರಲ್ ಹೆದ್ದಾರಿಗಳಲ್ಲಿ ಮೂರನೆಯವರಿಗೆ ಆಗುವ ಹಾನಿಯ ವಿಮೆ ಕಡ್ಡಾಯ, ಅದನ್ನು ಮೆಕ್ಸಿಕೋದ ವಿಮಾ ಕಂಪನಿಯೇ ಕೊಟ್ಟಿರಬೇಕು. ಅಪಘಾತದಲ್ಲಿ ಯಾರಿಗಾದರೂ ಗಾಯವಾದರೆ ತಪ್ಪು ಯಾರದ್ದು ಎಂದು ತೀರ್ಮಾನವಾಗುವ ತನಕ ಚಾಲಕನನ್ನು ವಶದಲ್ಲಿ ಇಟ್ಟುಕೊಳ್ಳಬಹುದು. ಹೊರಗೆ ಬರಲು ಬೇಕಾಗುವುದು ಪರಿಹಾರ ಕೊಡುವ ಸಾಮರ್ಥ್ಯದ ಖಾತರಿ, ಅಂದರೆ ಸರಿಯಾದ ವಿಮೆ.

ಆನ್‌ಲೈನ್‌ನಲ್ಲೇ ಕೊಳ್ಳಬಹುದು. ಕೊಳ್ಳುವಾಗ ಮೂರು ಸಂಗತಿ ನೋಡಿ. ಮೂರನೆಯವರ ಹಾನಿಗೆ 3 ಲಕ್ಷ ಡಾಲರ್‌ಗಿಂತ ಕಡಿಮೆ ಮೊತ್ತ ಬೇಡ ಎಂಬುದು ನನ್ನ ಸಲಹೆ. ವಕೀಲರ ನೆರವು ಮತ್ತು ಜಾಮೀನು ಸೇರಿರಬೇಕು. ಹಿಂದೆ ಎಳೆದುಕೊಂಡು ಹೋಗುವ ಕಾರು ಅಥವಾ ಟ್ರೈಲರನ್ನು ಪಾಲಿಸಿಯಲ್ಲಿ ನಮೂದಿಸಿರಬೇಕು. ನಮೂದಿಸದ ಕಾರನ್ನು ಕಟ್ಟಿಕೊಂಡು ಹೋಗಿ ಅಪಘಾತವಾದರೆ ಇಡೀ ಪಾಲಿಸಿಯೇ ಬಿದ್ದುಹೋಗುವ ಅಪಾಯವಿದೆ. ಪಾಲಿಸಿಯನ್ನು ಮುದ್ರಿಸಿ ಎರಡು ಪ್ರತಿ ಇಟ್ಟುಕೊಳ್ಳಿ. ಮೊಬೈಲ್‌ನಲ್ಲಿರುವ ಚಿತ್ರವನ್ನು ಎಲ್ಲರೂ ಒಪ್ಪುವುದಿಲ್ಲ.

ಹಂತ 4: ಎಲ್ಲಿ ದಾಟುವುದು

ದೊಡ್ಡ ಗಾಡಿಗೆ ನಗರದ ನಡುವಿನ ಸೇತುವೆ ಸರಿಹೋಗುವುದಿಲ್ಲ. ಇಕ್ಕಟ್ಟಾದ ಬೀದಿ, ಕಡಿದಾದ ತಿರುವು, ನಿಲ್ಲಿಸಲು ಜಾಗವಿಲ್ಲ. ನಿಲ್ಲಿಸಲು ಜಾಗವಿಲ್ಲದ ಕಡೆ ಜನ ವಲಸೆ ಕಚೇರಿಯನ್ನು ಬಿಟ್ಟು ಮುಂದೆ ಹೋಗಿಬಿಡುತ್ತಾರೆ. ಲಾರಿಗಳು ಬಳಸುವ, ಊರ ಹೊರಗಿನ ದಾಟುಗಳನ್ನು ಆರಿಸಿ.

ಟೆಕ್ಸಸ್‌ನಿಂದ ಹೊರಡುವವರಿಗೆ ನಾನು ಹೇಳುವುದು ಲಾರೆಡೊ ನಗರದ ವಾಯವ್ಯದಲ್ಲಿರುವ ಕೊಲಂಬಿಯಾ ಸೇತುವೆ. ನುಎವೊ ಲೆಯೋನ್ ರಾಜ್ಯಕ್ಕೆ ಅಮೆರಿಕದೊಂದಿಗೆ ಇರುವ ಗಡಿ ಬಹಳ ಚಿಕ್ಕದು, ಅದರಲ್ಲಿರುವ ಏಕೈಕ ದಾಟು ಇದು. ವಲಸೆ ಕಚೇರಿ ಮತ್ತು ವಾಹನ ಪರವಾನಗಿಯ ಕಿಟಕಿ ಎರಡೂ ಅಲ್ಲೇ ಇವೆ. ನುಎವೊ ಲಾರೆಡೊ ನಗರದೊಳಗೆ ನುಸುಳುವ ಅಗತ್ಯವಿಲ್ಲದೆ ಮೊಂತೆರ‍್ರೆ ದಿಕ್ಕಿಗೆ ಹೊರಡಬಹುದು.

ಅರಿಜೋನಾದಿಂದಾದರೆ ನೊಗಾಲೆಸ್ ಪೇಟೆಯ ಒಳಗಿನ ದ್ವಾರ ಬಿಟ್ಟು ಪಶ್ಚಿಮದ ಮರಿಪೋಸಾ ದ್ವಾರ ಹಿಡಿಯಿರಿ. ಇಲ್ಲಿ ಒಂದು ವಿಶೇಷ: ಪರವಾನಗಿಯ ಕಚೇರಿ ಗಡಿಯಲ್ಲಿಲ್ಲ, ಹೆದ್ದಾರಿ 15ರಲ್ಲಿ ದಕ್ಷಿಣಕ್ಕೆ 21ನೇ ಕಿಲೋಮೀಟರ್‌ನಲ್ಲಿದೆ. ಈಗಲ್ ಪಾಸ್–ಪಿಯೆದ್ರಾಸ್ ನೆಗ್ರಾಸ್ ದಾರಿಯಲ್ಲೂ ಹೀಗೆಯೇ, ಕಚೇರಿ 53ನೇ ಕಿಲೋಮೀಟರ್‌ನಲ್ಲಿ ಸಿಗುತ್ತದೆ.

ಕ್ಯಾಲಿಫೋರ್ನಿಯಾದಿಂದ ಬಾಹಾ ಪರ್ಯಾಯದ್ವೀಪಕ್ಕೆ ಇಳಿಯುವವರಿಗೆ ಸಾನ್ ಇಸಿದ್ರೊಗಿಂತ ತೆಕಾತೆ ಎಷ್ಟೋ ಮೇಲು.

ಬಾಹಾ ಪರ್ಯಾಯದ್ವೀಪದ ಎರಡೂ ರಾಜ್ಯಗಳಿಗೆ ಮತ್ತು ಸೊನೊರಾದ ಪುಎರ್ತೊ ಪೆನ್ಯಾಸ್ಕೊ ಕಡಲತೀರಕ್ಕೆ ವಾಹನ ಪರವಾನಗಿ ಬೇಕಿಲ್ಲ. ಇದನ್ನು ಕೇಳಿದ ಅನೇಕರು "ಅಲ್ಲಿಗೆ ಏನೂ ಬೇಡ" ಎಂದುಕೊಳ್ಳುತ್ತಾರೆ. ವಿನಾಯಿತಿ ಇರುವುದು ಗಾಡಿಗೆ. ಮನುಷ್ಯರ ಪ್ರವೇಶ ಮುದ್ರೆ ಅಲ್ಲಿಗೂ ಬೇಕು. ಮೊದಲ ಸಲ ಹೋಗುವವರು ಲ್ಯೂಕ್‌ವಿಲ್ ಮೂಲಕ ಪುಎರ್ತೊ ಪೆನ್ಯಾಸ್ಕೊವರೆಗಿನ ಸುಮಾರು 100 ಕಿಲೋಮೀಟರ್ ಓಡಿಸಿ ನೋಡುವುದು ಒಳ್ಳೆಯ ಅಭ್ಯಾಸ. ಗಾಡಿಯ ಕುಂದುಕೊರತೆಗಳೆಲ್ಲ ಅಷ್ಟರಲ್ಲೇ ಹೊರಬೀಳುತ್ತವೆ.

ದಾರಿ ಆರಿಸುವ ಮೊದಲು ಅಮೆರಿಕದ ವಿದೇಶಾಂಗ ಇಲಾಖೆಯ ಪ್ರಯಾಣ ಸೂಚನೆಯನ್ನು ರಾಜ್ಯವಾರು ಓದಿ. ಇಡೀ ದೇಶಕ್ಕೆ ಒಂದೇ ಮಾತು ಅನ್ವಯಿಸುವುದಿಲ್ಲ. ಯುಕಾತಾನ್ ನೆಮ್ಮದಿಯ ರಾಜ್ಯ. ತಮೌಲಿಪಾಸ್‌ಗೆ "ಹೋಗಬೇಡಿ" ಎಂಬ ಗರಿಷ್ಠ ಮಟ್ಟದ ಎಚ್ಚರಿಕೆ ವರ್ಷಗಳಿಂದ ಇದೆ. ಸಿನಲೋವಾದಲ್ಲಿ 2024ರ ಸೆಪ್ಟೆಂಬರ್‌ನಿಂದ ಕುಲಿಯಾಕಾನ್ ಸುತ್ತ ಗುಂಪುಗಳ ಕಾದಾಟ ಭುಗಿಲೆದ್ದಿತು. ಹೊರಡುವ ಹಿಂದಿನ ದಿನ ಆ ದಾರಿಯ ಸ್ಥಳೀಯ ಸುದ್ದಿ ನೋಡದೆ ಗಾಡಿ ಚಾಲೂ ಮಾಡಬೇಡಿ.

ಹಂತ 5: ಗಾಡಿಯಿಂದ ಇಳಿಸಬೇಕಾದದ್ದು

ಬಂದೂಕು ಬೇಡವೆಂದು ಎಲ್ಲರಿಗೂ ಗೊತ್ತು. ಆದರೆ ಟೆಕ್ಸಸ್‌ನಲ್ಲಿ ಹಳೆಯ ಮೋಟರ್‌ಹೋಮ್ ಕೊಂಡವರಿಗೆ ಹಿಂದಿನ ಮಾಲೀಕರು ಡ್ರಾಯರಿನ ಮೂಲೆಯಲ್ಲಿ ಬಿಟ್ಟ ಒಂದು ಗುಂಡು ಗೊತ್ತಿರುವುದಿಲ್ಲ. ಮೆಕ್ಸಿಕೋದಲ್ಲಿ ಒಂದೇ ಒಂದು ಗುಂಡು ಸಿಕ್ಕರೂ ಬಂಧನವಾಗಬಹುದು, ಗೊತ್ತಿರಲಿಲ್ಲ ಎಂಬ ಮಾತು ನಡೆಯುವುದಿಲ್ಲ. ಹಾಸಿಗೆಯ ಕೆಳಗೆ, ಉಪಕರಣದ ಪೆಟ್ಟಿಗೆಯಲ್ಲಿ, ಹೊರಗಿನ ಸಾಮಾನು ಕೋಣೆಗಳಲ್ಲಿ ಕೈಯಾಡಿಸಿ ನೋಡಿ. ಅರ್ಧ ದಿನ ಇದಕ್ಕೇ ಇಡಿ.

ನೆಗಡಿಗೆ ನುಂಗುವ ಸುಡೋಎಫೆಡ್ರಿನ್ ಇರುವ ಮಾತ್ರೆಗಳು ಮೆಕ್ಸಿಕೋದಲ್ಲಿ ನಿಷಿದ್ಧ. ಇ-ಸಿಗರೇಟನ್ನು ದೇಶದೊಳಗೆ ತರುವುದೂ ನಿಷಿದ್ಧ. ವೈದ್ಯರು ಬರೆದುಕೊಟ್ಟ ಔಷಧಗಳನ್ನು ಮೂಲ ಡಬ್ಬಿಯಲ್ಲೇ, ಚೀಟಿಯ ಸಮೇತ ಇಡಿ. ಹಸಿ ಮಾಂಸ, ಹಣ್ಣು, ತರಕಾರಿಗಳನ್ನು ಗಡಿಗೆ ಬರುವಷ್ಟರಲ್ಲಿ ಮುಗಿಸಿ, ಅಲ್ಲಿನ ಸಂತೆಗಳಲ್ಲಿ ಎಲ್ಲವೂ ಸಿಗುತ್ತದೆ. ಮನೆಯಿಂದ ಕಟ್ಟಿಕೊಂಡ ಗುರುತು ಹತ್ತದ ಪುಡಿಗಳ ಬಗ್ಗೆಯೂ ಯೋಚಿಸಿ. ಸಾರಿನ ಪುಡಿ, ಚಟ್ನಿಪುಡಿಗಳನ್ನು ಹೆಸರು ಬರೆದ ಡಬ್ಬಿಯಲ್ಲಿ, ಕೇಳಿದಾಗ ತೆರೆದು ತೋರಿಸುವಂತೆ ಇಡಿ. ಚೀಟಿಯಿಲ್ಲದ ಪ್ಲಾಸ್ಟಿಕ್ ಪೊಟ್ಟಣ ಬೇಡ.

ಹೇರಿಕೊಳ್ಳಬೇಕಾದದ್ದು: ವಿದ್ಯುತ್ ಏರಿಳಿತದಿಂದ ಕಾಪಾಡುವ ಸಾಧನ, 30 ಆಂಪಿಯರ್ ಪ್ಲಗ್ಗನ್ನು ಸಾಮಾನ್ಯ ಮನೆಯ ಸಾಕೆಟ್ಟಿಗೆ ಜೋಡಿಸುವ ಅಡಾಪ್ಟರ್, ಗಟ್ಟಿಯಾದ ಸ್ಟೆಪ್ನಿ, ಡೀಸೆಲ್ ಫಿಲ್ಟರ್, ಇಂಟರ್ನೆಟ್ ಇಲ್ಲದೆ ತೆರೆಯುವ ನಕ್ಷೆ, ಎಲ್ಲ ಕಾಗದಗಳ ಎರಡೆರಡು ನಕಲು, ಮತ್ತು ನಗದು ಪೆಸೊ.

ಹಂತ 6: ಗಡಿಯ ದಿನ, ಕಿಟಕಿಯಿಂದ ಕಿಟಕಿಗೆ

ಬೆಳಗ್ಗೆ ಬೇಗ ಗಡಿ ತಲುಪಿ. ಮಧ್ಯಾಹ್ನ ದಾಟಿದರೆ ಕತ್ತಲಾಗುವ ಮೊದಲು ತಂಗುದಾಣ ಸಿಗುವುದಿಲ್ಲ. ಡಿಸೆಂಬರ್ ಮಧ್ಯದಿಂದ ಕ್ರಿಸ್ಮಸ್‌ವರೆಗೆ ಊರಿಗೆ ಮರಳುವ ಮೆಕ್ಸಿಕೋ ಕುಟುಂಬಗಳ ಸಾಲು ಉದ್ದವಿರುತ್ತದೆ, ಆ ವಾರ ತಪ್ಪಿಸಿದರೆ ಒಳ್ಳೆಯದು.

ಮೊದಲು ಕಸ್ಟಮ್ಸ್. ತೆರಿಗೆ ಕಟ್ಟಬೇಕಾದ ಸಾಮಾನು ಇದ್ದರೆ ಘೋಷಣೆಯ ಸಾಲಿಗೆ ಹೋಗಿ. ಮೋಟರ್‌ಹೋಮನ್ನು ಒಳಹೊಕ್ಕು ನೋಡುವುದು ಸಾಮಾನ್ಯ. ಒಬ್ಬರು ಅಧಿಕಾರಿಯ ಜೊತೆ ಒಳಗಿರಿ, ಮಕ್ಕಳನ್ನು ಕೆಳಗಿಳಿಸಿ ಕೂರಿಸಿ.

ಕಸ್ಟಮ್ಸ್ ಬಿಟ್ಟ ಕೂಡಲೇ ಹೊರಟುಬಿಡಬೇಡಿ. ಗಾಡಿಯನ್ನು ಬದಿಗೆ ಹಾಕಿ ನಿಲ್ಲಿಸಿ ಇಳಿಯಿರಿ. ಐಎನ್‌ಎಂ ಎಂಬ ಫಲಕದ ವಲಸೆ ಕಚೇರಿಯನ್ನು ಕೇಳಿಕೊಂಡು ಹೋಗಿ. ಗಾಡಿಯಲ್ಲಿರುವ ಪ್ರತಿಯೊಬ್ಬರಿಗೂ, ಕೈಗೂಸಿಗೂ, ಎಫ್‌ಎಂಎಂ ಎಂಬ ಪ್ರವಾಸಿ ಅನುಮತಿ ಬೇಕು. ಏಳು ದಿನದೊಳಗಿನ ಭೂಮಾರ್ಗದ ಪ್ರವಾಸಕ್ಕೆ ಶುಲ್ಕವಿಲ್ಲ, ಹೆಚ್ಚಾದರೆ ಇದೆ. ಆ ಮೊತ್ತ ಪ್ರತಿವರ್ಷ ಬದಲಾಗುತ್ತದೆ.

ಗರಿಷ್ಠ 180 ದಿನ ಕೊಡಬಹುದು, ಆದರೆ ಎಷ್ಟು ಕೊಡಬೇಕೆಂದು ತೀರ್ಮಾನಿಸುವುದು ಅಧಿಕಾರಿ. ಅಲ್ಲಿಂದ ಕದಲುವ ಮುನ್ನ ಬರೆದ ದಿನಗಳ ಸಂಖ್ಯೆ ಓದಿ. ಮೂವತ್ತು ದಿನದ ಪ್ರವಾಸಕ್ಕೆ ಹತ್ತು ದಿನ ಬರೆದಿದ್ದರೆ ಅಲ್ಲೇ, ಆಗಲೇ, ತಂಗುವ ಜಾಗದ ಬುಕಿಂಗ್ ತೋರಿಸಿ ವಿನಯದಿಂದ ಕೇಳಿ. ಪ್ರವಾಸಿ ಅನುಮತಿಯನ್ನು ದೇಶದ ಒಳಗೆ ವಿಸ್ತರಿಸುವುದಿಲ್ಲ. ಮುದ್ರೆಯ ದಿನಾಂಕವೂ ಇವತ್ತಿನದೇ ಎಂದು ನೋಡಿಕೊಳ್ಳಿ.

ನನಗೆ ಪರಿಚಯದ ಒಂದು ಕುಟುಂಬ ಇಲ್ಲಿ ಎಡವಿತು. ಮನೆಯಲ್ಲೇ ಆನ್‌ಲೈನ್‌ನಲ್ಲಿ ಫಾರ್ಮ್ ತುಂಬಿ ಹಣ ಕಟ್ಟಿದ್ದರು, ಅಷ್ಟೇ ಸಾಕೆಂದು ಮುಂದೆ ಹೋದರು. ಆನ್‌ಲೈನ್ ಫಾರ್ಮ್ ಬರೀ ಅರ್ಜಿ. ಮುದ್ರೆ ಬಿದ್ದಾಗಲೇ ಅದು ಅನುಮತಿ. ಅಜ್ಜಿಯನ್ನೂ ಎರಡು ಮಕ್ಕಳನ್ನೂ ಕೂರಿಸಿಕೊಂಡು, ಹಿಂದೆ ಕಾರು ಕಟ್ಟಿಕೊಂಡಿದ್ದ ಮೋಟರ್‌ಹೋಮನ್ನು ಚೆಕ್‌ಪೋಸ್ಟ್‌ನಿಂದ ಗಡಿಗೆ ತಿರುಗಿಸಿ ತರುವಷ್ಟರಲ್ಲಿ ಅವರ ಮೊದಲ ದಿನ ಮುಗಿದಿತ್ತು.

ಈಗ ಮೂರನೆಯ ಕಿಟಕಿ: ಬಾನ್‌ಹೆರ್ಸಿತೊ. ಮೆಕ್ಸಿಕೋ ಸೇನೆಯ ಬ್ಯಾಂಕ್ ಇದು, ವಾಹನದ ತಾತ್ಕಾಲಿಕ ಆಮದು ಪರವಾನಗಿ ಕೊಡುವುದು ಇದರ ಕೆಲಸ. ಪ್ರವೇಶ ಮುದ್ರೆ ಇಲ್ಲದೆ ಇಲ್ಲಿ ಏನೂ ನಡೆಯುವುದಿಲ್ಲ, ಅದಕ್ಕೇ ಈ ಕ್ರಮ. ಪಾಸ್‌ಪೋರ್ಟ್, ಎಫ್‌ಎಂಎಂ, ಗಾಡಿಯ ನೋಂದಣಿ, ಚಾಲನಾ ಪರವಾನಗಿ, ಬ್ಯಾಂಕಿನ ಪತ್ರ, ಅರ್ಜಿದಾರರ ಹೆಸರಿನ ಕ್ರೆಡಿಟ್ ಕಾರ್ಡ್ ಕೊಡಿ. ಮೋಟರ್‌ಹೋಮಿಗೆ ಶುಲ್ಕ ಮಾತ್ರ, ಠೇವಣಿ ಇಲ್ಲ. ಹಿಂದಿನ ಕಾರಿಗೆ ಠೇವಣಿ ಇದೆ: 2007 ಮತ್ತು ನಂತರದ ಮಾದರಿಗೆ 400 ಡಾಲರ್, 2001ರಿಂದ 2006ರವರೆಗಿನದಕ್ಕೆ 300, ಅದಕ್ಕೂ ಹಳೆಯದಕ್ಕೆ 200.

ಪರವಾನಗಿಯನ್ನು ಆನ್‌ಲೈನ್‌ನಲ್ಲೂ ಮುಂಚಿತವಾಗಿ ಪಡೆಯಬಹುದು. ಆದರೂ ಮೊದಲ ಸಲ ಮೋಟರ್‌ಹೋಮ್ ಒಯ್ಯುವವರು ಕಿಟಕಿಯಲ್ಲೇ ಮಾಡಿಸಿ ಎನ್ನುತ್ತೇನೆ. ಕಾಗದ ಕೈಗೆ ಬಂದ ಕೂಡಲೇ ನಾಲ್ಕು ಸಂಗತಿ ಓದಿ: ಹೆಸರು ಪಾಸ್‌ಪೋರ್ಟ್‌ನಲ್ಲಿದ್ದ ಹಾಗೆಯೇ ಇದೆಯೇ, ಚಾಸಿ ಸಂಖ್ಯೆಯ ಹದಿನೇಳೂ ಅಕ್ಷರ ಸರಿಯೇ, ನಂಬರ್ ಪ್ಲೇಟ್ ಸರಿಯೇ, ವಾಹನದ ಬಗೆ ಕಾಸಾ ರೊದಾಂತೆ ಎಂದಿದ್ದು ಅವಧಿ ಹತ್ತು ವರ್ಷ ಮುಂದಿನದೇ? ನಮ್ಮ ಹೆಸರುಗಳಲ್ಲಿ ಇನಿಷಿಯಲ್, ತಂದೆಯ ಹೆಸರು, ಊರಿನ ಹೆಸರು ಹಿಂದುಮುಂದಾಗುವುದು ಸಾಮಾನ್ಯ. ಕಿಟಕಿಯ ಎದುರಿರುವಾಗ ಐದು ನಿಮಿಷದಲ್ಲಿ ತಿದ್ದಿಸಬಹುದಾದದ್ದನ್ನು ಆಮೇಲೆ ತಿದ್ದಿಸುವುದು ದೊಡ್ಡ ಅಲೆದಾಟ.

ಇಡೀ ಕೆಲಸಕ್ಕೆ ಎರಡು ಗಂಟೆ ಹಿಡಿದರೆ ಅದು ಒಳ್ಳೆಯ ದಿನ.

ಹಂತ 7: ರಸ್ತೆಗೆ ಇಳಿದ ಮೇಲೆ

ಮೊದಲ ನಿಯಮ, ರಾತ್ರಿ ಓಡಿಸಬೇಡಿ. ರಸ್ತೆಯಲ್ಲಿ ಮಲಗಿದ ದನ, ಹಿಂದಿನ ದೀಪವಿಲ್ಲದ ಲಾರಿ, ಬಣ್ಣ ಮಾಸಿದ ರಸ್ತೆ ಉಬ್ಬು, ಇವನ್ನೆಲ್ಲ ಕರ್ನಾಟಕದ ರಸ್ತೆಗಳಲ್ಲಿ ಓಡಿಸಿದವರು ಬಲ್ಲರು. ವ್ಯತ್ಯಾಸವೆಂದರೆ ಈಗ ನಿಮ್ಮ ಕೈಯಲ್ಲಿರುವುದು ಮಾರುತಿಯಲ್ಲ, ಮನೆ. ದಿನಕ್ಕೆ 300 ಕಿಲೋಮೀಟರ್‌ಗಿಂತ ಹೆಚ್ಚು ಲೆಕ್ಕ ಹಾಕಬೇಡಿ, ಸಂಜೆ ನಾಲ್ಕಕ್ಕೆ ತಂಗುದಾಣದಲ್ಲಿರಿ.

ರಸ್ತೆಗಳಲ್ಲಿ ಎರಡು ಬಗೆ. "ಕ್ವೋತಾ" ಎಂದರೆ ಟೋಲ್ ರಸ್ತೆ, ಸಂಖ್ಯೆಯ ಕೊನೆಯಲ್ಲಿ ಡಿ ಅಕ್ಷರ ಇರುತ್ತದೆ. "ಲಿಬ್ರೆ" ಎಂದರೆ ಟೋಲ್ ಇಲ್ಲದ ಹಳೆಯ ರಸ್ತೆ. ಮೋಟರ್‌ಹೋಮಿಗೆ ಕ್ವೋತಾ ಹಿಡಿಯಿರಿ. ಟೋಲ್ ದುಬಾರಿ, ಹಿಂದೆ ಕಟ್ಟಿದ ಕಾರಿನ ಅಚ್ಚುಗಳಿಗೂ ಲೆಕ್ಕ ಹಾಕುತ್ತಾರೆ, ನಗದು ಪೆಸೊ ಬೇಕು. ಆದರೂ ಹಣ ಉಳಿಸುವ ಜಾಗ ಇದಲ್ಲ. ದುರಾಂಗೊದಿಂದ ಮಸಾತ್ಲಾನ್‌ಗೆ ಇಳಿಯುವ ಹಳೆಯ ಹೆದ್ದಾರಿ 40 ನಮ್ಮ ಚಾರ್ಮಾಡಿಯನ್ನು ಮೀರಿಸುವ ತಿರುವುಗಳ ಘಟ್ಟ. 2013ರಲ್ಲಿ ಸಂಚಾರಕ್ಕೆ ತೆರೆದ 40ಡಿ, ಕಣಿವೆಯ ತಳದಿಂದ 400 ಮೀಟರ್‌ಗೂ ಎತ್ತರದ ಬಾಲುಆರ್ತೆ ಸೇತುವೆ ಮತ್ತು ಹತ್ತಾರು ಸುರಂಗಗಳ ಮೂಲಕ ಅದೇ ಬೆಟ್ಟವನ್ನು ದಾಟಿಸುತ್ತದೆ. ಟೋಲ್ ರಸೀದಿಯನ್ನು ಎಸೆಯಬೇಡಿ. ಆ ರಸ್ತೆಯ ಬಳಕೆದಾರರ ವಿಮೆಗೆ ಅದೇ ಪುರಾವೆ.

ರಸ್ತೆ ಉಬ್ಬನ್ನು ಅಲ್ಲಿ "ತೊಪೆ" ಎನ್ನುತ್ತಾರೆ. ಹಳ್ಳಿ ಶುರುವಾಗುವಲ್ಲಿ, ಶಾಲೆಯ ಮುಂದೆ, ಕೆಲವೊಮ್ಮೆ ಯಾವ ಫಲಕವೂ ಇಲ್ಲದ ಕಡೆಯೂ ಇರುತ್ತದೆ. ಮುಂದಿನ ಲಾರಿಯ ಬ್ರೇಕ್ ದೀಪವೇ ನಿಮ್ಮ ಫಲಕ. ಮೋಟರ್‌ಹೋಮಿನ ಹಿಂಬದಿ ಚಕ್ರದಿಂದಾಚೆ ಉದ್ದಕ್ಕೆ ಚಾಚಿರುತ್ತದೆ, ಮುಂದಿನ ಚಕ್ರ ಹತ್ತಿ ಇಳಿದ ಮೇಲೆ ವೇಗ ಹೆಚ್ಚಿಸಿದರೆ ಹಿಂದಿನ ಕೊಳಚೆ ಕೊಳವೆ ನೆಲಕ್ಕೆ ಬಡಿದು ಒಡೆಯುತ್ತದೆ. ಹಿಂದಿನ ಚಕ್ರ ಪೂರ್ತಿ ಇಳಿಯುವ ತನಕ ನಡಿಗೆಯ ವೇಗ. ಒಳಗಿನ ಕಪಾಟುಗಳ ಚಿಲಕ ಹಾಕಿ.

ಎಡಕ್ಕೆ ತಿರುಗುವುದು ಅಮೆರಿಕದಲ್ಲಿ ಓಡಿಸಿದವರಿಗೆ ಅತ್ಯಂತ ಅಪಾಯದ ಕೆಲಸ. ಎರಡು ಸಾಲಿನ ಹೆದ್ದಾರಿಯಲ್ಲಿ ಮುಂದಿನ ಲಾರಿ ಎಡ ದೀಪ ಮಿಣುಕಿಸಿದರೆ "ದಾರಿ ಖಾಲಿ, ನನ್ನನ್ನು ದಾಟಿ ಹೋಗಿ" ಎಂಬ ಅರ್ಥವಿರಬಹುದು, "ನಾನು ಎಡಕ್ಕೆ ತಿರುಗುತ್ತೇನೆ" ಎಂಬ ಅರ್ಥವೂ ಇರಬಹುದು. ನೀವು ಎಡ ದೀಪ ಹಾಕಿ ರಸ್ತೆಯ ನಡುವೆ ನಿಂತರೆ ಹಿಂದಿನವನು ಎಡದಿಂದಲೇ ನುಗ್ಗಿ ಬರುತ್ತಾನೆ. ಅದಕ್ಕೆ ಅಲ್ಲಿನವರ ಪದ್ಧತಿ: ಬಲಕ್ಕೆ ಸರಿದು, ರಸ್ತೆಯ ಅಂಚಿಗೆ ನಿಂತು, ಎರಡೂ ಕಡೆ ಖಾಲಿಯಾದ ಮೇಲೆ ದಾಟುವುದು. ಅಥವಾ ಮುಂದೆ "ರೆತೊರ್ನೊ" ಫಲಕ ಇರುವಲ್ಲಿ ಯು ತಿರುವು ತೆಗೆದುಕೊಂಡು ಬರುವುದು. ಕಿರಿದಾದ ಸೇತುವೆಯಲ್ಲಿ ಮೊದಲು ದೀಪ ಮಿಣುಕಿಸಿದವನು ಮೊದಲು ದಾಟುತ್ತಾನೆ. ಎದುರಿನವನು ಮಿಣುಕಿಸಿದ್ದನ್ನು "ನೀವು ಬನ್ನಿ" ಎಂದು ತಿಳಿಯಬೇಡಿ.

ಹೋಗಬಾರದ ಜಾಗಗಳೂ ಇವೆ. ಗ್ವಾನಾಹ್ವಾತೊ ಪಟ್ಟಣದ ಕೆಳಗಿನ ಸುರಂಗ ಬೀದಿಗಳಿಗೆ, ತಾಸ್ಕೊದ ಕಡಿದಾದ ಓಣಿಗಳಿಗೆ ಮೋಟರ್‌ಹೋಮ್ ಇಳಿಸಬೇಡಿ. ಊರ ಹೊರಗೆ ನಿಲ್ಲಿಸಿ ಬಸ್ಸಿನಲ್ಲಿ ಹೋಗಿ. ಮೆಕ್ಸಿಕೋ ಸಿಟಿಯಲ್ಲಿ "ಒಯ್ ನೊ ಸಿರ್ಕುಲಾ" ನಿಯಮದಂತೆ ಹೊರಗಿನ ನಂಬರ್ ಪ್ಲೇಟಿನ ಗಾಡಿಗಳಿಗೆ ದಿನ ಮತ್ತು ಹೊತ್ತಿನ ನಿರ್ಬಂಧಗಳಿವೆ. ಆರ್ಕೊ ನೊರ್ತೆ ಎಂಬ ಟೋಲ್ ರಸ್ತೆ ರಾಜಧಾನಿಯನ್ನು ಉತ್ತರದಿಂದ ಬಳಸಿ ಪುಎಬ್ಲಾ ದಿಕ್ಕಿಗೆ ಒಯ್ಯುತ್ತದೆ, ಅದನ್ನೇ ಹಿಡಿಯಿರಿ. ಓಹಾಕಾದ ಲಾ ವೆಂತೋಸಾ ಬಯಲಿನಲ್ಲಿ ಚಳಿಗಾಲದ ಉತ್ತರದ ಗಾಳಿ ಲಾರಿಗಳನ್ನೇ ಮಗುಚುತ್ತದೆ. ಗಾಳಿಯಂತ್ರಗಳ ಸಾಲು ಅಲ್ಲಿರುವುದು ಸುಮ್ಮನೆ ಅಲ್ಲ. ಲಾರಿಗಳು ಬದಿಯಲ್ಲಿ ಸಾಲಾಗಿ ನಿಂತಿದ್ದರೆ ಅದು ಸೂಚನೆ, ನೀವೂ ನಿಲ್ಲಿ.

ಬಾಹಾದ ಹೆದ್ದಾರಿ 1, 1973ರಲ್ಲಿ ಪೂರ್ಣಗೊಂಡ ಸುಮಾರು 1,700 ಕಿಲೋಮೀಟರ್ ರಸ್ತೆ. ಬಹುಭಾಗದಲ್ಲಿ ಅಂಚೇ ಇಲ್ಲ. ಎದುರಿನಿಂದ ಲಾರಿ ಬಂದರೆ ಕನ್ನಡಿಗೆ ಕನ್ನಡಿ ತಾಗುವಷ್ಟು ಇಕ್ಕಟ್ಟು. ವೇಗ ಇಳಿಸಿ, ಬಿಳಿ ಗೆರೆಯ ಮೇಲೆ ಬಲ ಚಕ್ರ ಇಟ್ಟು ನೇರ ಹೋಗಿ. ಎಲ್ ರೊಸಾರಿಯೊ ದಾಟಿದರೆ ಗೆರ‍್ರೆರೊ ನೆಗ್ರೊ ಹತ್ತಿರವಾಗುವ ತನಕ 300 ಕಿಲೋಮೀಟರ್‌ನಷ್ಟು ದೂರ ನಂಬಬಹುದಾದ ಬಂಕ್ ಇಲ್ಲ. ಎಲ್ ರೊಸಾರಿಯೊದಲ್ಲಿ ಟ್ಯಾಂಕ್ ತುಂಬಿಸದೆ ಮುಂದೆ ಹೋಗಬೇಡಿ. ಬಾಹಾದಿಂದ ಹಡಗಿನಲ್ಲಿ ಮಸಾತ್ಲಾನ್‌ಗೆ ದಾಟುವವರು ಲಾ ಪಾಸ್ ಬಳಿಯ ಪಿಚಿಲಿಂಗೆ ಬಂದರಿನ ಕಚೇರಿಯಲ್ಲಿ ವಾಹನ ಪರವಾನಗಿ ಪಡೆದ ಮೇಲೆಯೇ ಹತ್ತಬೇಕು.

ಹಂತ 8: ಇಂಧನ

ಬಂಕ್‌ನಲ್ಲಿ ಸಿಬ್ಬಂದಿಯೇ ತುಂಬಿಸುತ್ತಾರೆ. ಹಸಿರು ಮ್ಯಾಗ್ನಾ, ಅಂದರೆ 87 ಆಕ್ಟೇನ್. ಕೆಂಪು ಪ್ರೀಮಿಯಂ. ಕಪ್ಪು ಡೀಸೆಲ್. ಅಮೆರಿಕದಲ್ಲಿ ಹಸಿರು ಕೊಳವೆಯೆಂದರೆ ಡೀಸೆಲ್ ಎಂದು ಕಣ್ಣಿಗೆ ರೂಢಿಯಾಗಿರುತ್ತದೆ, ಇಲ್ಲಿ ಅದು ಪೆಟ್ರೋಲ್. ಇಳಿದು ನಿಂತು "ದಿಯೆಸೆಲ್" ಎಂದು ಬಾಯಿಬಿಟ್ಟು ಹೇಳಿ. ಮೀಟರ್ ಸೊನ್ನೆಯಲ್ಲಿದೆಯೇ ಎಂದು ನೋಡುವುದನ್ನು ನಮಗೆ ಕಲಿಸಬೇಕಿಲ್ಲ, ಆ ಅಭ್ಯಾಸವನ್ನು ಅಮೆರಿಕದಲ್ಲಿ ಮರೆತಿದ್ದರೆ ಮತ್ತೆ ನೆನಪಿಸಿಕೊಳ್ಳಿ.

ಹೊಸ ಡೀಸೆಲ್ ಎಂಜಿನ್‌ಗಳಿಗೆ ಗಂಧಕ ತೀರ ಕಡಿಮೆಯಿರುವ ಡೀಸೆಲ್ ಬೇಕು. ಗಡಿ ಪ್ರದೇಶದಲ್ಲಿ ಮತ್ತು ಮೆಕ್ಸಿಕೋ ಸಿಟಿ, ಗ್ವಾದಲಹಾರಾ, ಮೊಂತೆರ‍್ರೆ ಎಂಬ ಮೂರು ಮಹಾನಗರಗಳ ಸುತ್ತ ಅದು ಸಿಗುತ್ತದೆ, ಒಳನಾಡಿನಲ್ಲಿ ಖಾತರಿಯಿಲ್ಲ. ಹೊಗೆಯ ಫಿಲ್ಟರ್ ಕಟ್ಟಿಕೊಂಡ ದೀಪ ಹೊತ್ತಿದರೆ ಕಡೆಗಣಿಸಬೇಡಿ. ಲಾರಿಗಳು ಹೆಚ್ಚು ನಿಲ್ಲುವ ಬಂಕ್‌ಗಳಲ್ಲೇ ತುಂಬಿಸಿ.

ಹಂತ 9: ಸೈನಿಕರು, ಪೊಲೀಸರು, ಕೆಟ್ಟು ನಿಂತಾಗ

ಸೇನೆಯ ಚೆಕ್‌ಪೋಸ್ಟ್‌ಗಳು ಮಾಮೂಲು. ಹುಡುಕುವುದು ಬಂದೂಕು ಮತ್ತು ಮಾದಕ ವಸ್ತು. ತಂಪು ಕನ್ನಡಕ ತೆಗೆದು, ಗಾಜು ಇಳಿಸಿ, ಎಲ್ಲಿಂದ ಎಲ್ಲಿಗೆ ಎಂದು ಹೇಳಿದರೆ ಸಾಕು. ಒಳಗೆ ಬಂದರೆ ಜೊತೆಯಲ್ಲೇ ಇರಿ.

ಸಂಚಾರ ಪೊಲೀಸರು ನಿಲ್ಲಿಸಿ, ಮಾಡದ ತಪ್ಪಿಗೆ ಸ್ಥಳದಲ್ಲೇ ಹಣ ಕೇಳಿದರೆ ಅದು ದಂಡವಲ್ಲ. ಶಾಂತವಾಗಿ ಲಿಖಿತ ರಸೀದಿ, ಅಂದರೆ "ಇನ್‌ಫ್ರಾಕ್ಸಿಯೊನ್", ಕೊಡಿ, ಠಾಣೆಯಲ್ಲಿ ಕಟ್ಟುತ್ತೇನೆ ಎನ್ನಿ. ಮೊದಲು ಕಾಗದಗಳ ನಕಲು ಪ್ರತಿ ತೋರಿಸಿ. ಅವಸರದಲ್ಲಿರುವವನಿಂದಲೇ ಹಣ ಹೊರಡುತ್ತದೆ. ನಿಮ್ಮ ಒಲೆ, ಹಾಸಿಗೆ, ಊಟ ಎಲ್ಲವೂ ಗಾಡಿಯಲ್ಲೇ ಇವೆ, ನಿಮಗೇಕೆ ಅವಸರ? ನಿಜವಾಗಿ ತಪ್ಪು ಮಾಡಿದ್ದರೆ ರಸೀದಿ ಪಡೆದು ಕಟ್ಟಿ.

ಗಾಡಿ ಕೆಟ್ಟರೆ 078ಕ್ಕೆ ಕರೆ ಮಾಡಿ. ಪ್ರವಾಸೋದ್ಯಮ ಇಲಾಖೆಯ "ಆಂಹೆಲೆಸ್ ವೆರ್ದೆಸ್" ಎಂಬ ಹಸಿರು ಗಾಡಿಗಳ ಪಡೆ ಹಗಲಲ್ಲಿ ಹೆದ್ದಾರಿಗಳಲ್ಲಿ ಸುತ್ತುತ್ತದೆ. ಕೂಲಿ ಇಲ್ಲ, ಬಿಡಿಭಾಗ ಮತ್ತು ಇಂಧನದ ಹಣ ಮಾತ್ರ. ತುರ್ತಿಗೆ 911. ಪಂಕ್ಚರ್ ಅಂಗಡಿಗೆ "ಯಾಂತೇರಾ" ಎನ್ನುತ್ತಾರೆ, ಹಳೆಯ ಟಯರ್ ನೇತುಹಾಕಿರುವುದೇ ಗುರುತು.

ಹಂತ 10: ತಂಗುವುದು, ನೀರು, ವಿದ್ಯುತ್

ಹೆದ್ದಾರಿ ಬದಿಯ ಒಂಟಿ ಜಾಗದಲ್ಲಿ ಮಲಗಬೇಡಿ. ಆರ್‌ವಿ ಪಾರ್ಕ್ (ಮೋಟರ್‌ಹೋಮ್‌ಗಳ ತಂಗುದಾಣ), ಇಲ್ಲವಾದರೆ ದೊಡ್ಡ ಬಂಕ್‌ನಲ್ಲಿ ಅಪ್ಪಣೆ ಕೇಳಿ ನಿಲ್ಲಿಸಿ.

ಪಾರ್ಕ್‌ನಲ್ಲಿ ಕೇಬಲ್ ಚುಚ್ಚುವ ಮೊದಲು ಮೀಟರ್ ಇಟ್ಟು ನೋಡಿ. ಭೂಸಂಪರ್ಕ ಇಲ್ಲದಿರುವುದು, ತಂತಿಗಳು ಅದಲುಬದಲಾಗಿರುವುದು, ಸಂಜೆ ಎಲ್ಲರೂ ಏಸಿ ಹಾಕಿದಾಗ ವೋಲ್ಟೇಜ್ ಕುಸಿಯುವುದು ಸಾಮಾನ್ಯ. 105 ವೋಲ್ಟ್‌ಗಿಂತ ಕೆಳಗಿಳಿದರೆ ಏಸಿ ಆರಿಸಿ, ಇಲ್ಲದಿದ್ದರೆ ಕಂಪ್ರೆಸರ್ ಸುಡುತ್ತದೆ. ನಲ್ಲಿ ನೀರನ್ನು ಕುಡಿಯಬೇಡಿ. 20 ಲೀಟರ್‌ನ ಶುದ್ಧೀಕರಿಸಿದ ನೀರಿನ ಕ್ಯಾನ್ ಎಲ್ಲ ಊರಿನಲ್ಲೂ ಸಿಗುತ್ತದೆ. ಕೊಳಚೆ ಖಾಲಿ ಮಾಡುವ ಜಾಗಗಳು ಕಡಿಮೆ, ಸಿಕ್ಕಲ್ಲೆಲ್ಲ ಖಾಲಿ ಮಾಡಿ, ತುಂಬುವ ತನಕ ಕಾಯಬೇಡಿ. ಅಡುಗೆ ಅನಿಲದ ಟ್ಯಾಂಕನ್ನು ಶೇಕಡ 80ಕ್ಕೆ ನಿಲ್ಲಿಸಲು ನೀವೇ ಹೇಳಬೇಕು, ನಿಂತು ನೋಡಬೇಕು.

ಹಂತ 11: ಮರಳುವ ದಿನ

ಬಂದ ದಿನ ಯಾರೂ ನಿಲ್ಲಿಸದ ಹಾಗೆಯೇ ಹೊರಡುವ ದಿನವೂ ಯಾರೂ ನಿಲ್ಲಿಸುವುದಿಲ್ಲ. ಅಮೆರಿಕದ ಸಾಲಿಗೆ ಸೇರಿಬಿಟ್ಟರೆ ಹಿಂದಿರುಗಲು ದಾರಿಯಿಲ್ಲ, ಆದ್ದರಿಂದ ಅದಕ್ಕೂ ಮೊದಲು ಬಾನ್‌ಹೆರ್ಸಿತೊದಲ್ಲಿ ನಿಲ್ಲಿಸಿ. ಹಿಂದೆ ಕಟ್ಟಿದ ಕಾರಿನ ಪರವಾನಗಿ ರದ್ದು ಮಾಡಿಸದಿದ್ದರೆ ಠೇವಣಿ ಹೋಯಿತು, ಆ ಹೆಸರಿಗೆ ಮುಂದೆ ಬೇರೆ ಕಾರಿನ ಪರವಾನಗಿಯೂ ಸಿಗುವುದಿಲ್ಲ. ಅವಧಿ ಮುಗಿಯುವ ಒಂದು ದಿನ ಮೊದಲಾದರೂ ಗಡಿಯಲ್ಲಿರಿ. ಮೋಟರ್‌ಹೋಮಿನ ಹತ್ತು ವರ್ಷದ ಪರವಾನಗಿಯನ್ನು ಪ್ರತಿಸಲ ರದ್ದು ಮಾಡಬೇಕಿಲ್ಲ. ಆದರೆ ಅಮೆರಿಕದಲ್ಲಿ ಆ ಗಾಡಿಯನ್ನು ಮಾರುವ ಯೋಚನೆ ಇದ್ದರೆ ಈ ಸಲವೇ ರದ್ದು ಮಾಡಿಸಿ, ಏಕೆಂದರೆ ರದ್ದತಿಗೆ ಗಾಡಿಯೇ ಅಲ್ಲಿರಬೇಕು. ವಲಸೆ ಕಚೇರಿಯಲ್ಲಿ ನಿರ್ಗಮನವನ್ನೂ ದಾಖಲಿಸಿ.

ಫ್ರಿಜ್‌ನಲ್ಲಿ ಉಳಿದ ಹಣ್ಣು, ಮೊಟ್ಟೆ, ಹಂದಿಮಾಂಸ ಅಮೆರಿಕಕ್ಕೆ ಬೇಡ. ಕಹಿಬೇವು, ಕರಿಬೇವಿನ ಎಸಳು ಕೂಡ ಬೇಡ. ಇರುವುದನ್ನೆಲ್ಲ ಘೋಷಿಸಿ. ನಾಯಿ ಜೊತೆಗಿದ್ದರೆ ಅದಕ್ಕೆ ಆರು ತಿಂಗಳು ತುಂಬಿರಬೇಕು, ಮೈಕ್ರೋಚಿಪ್ ಇರಬೇಕು, 2024ರ ಆಗಸ್ಟ್‌ನಿಂದ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಆನ್‌ಲೈನ್ ಫಾರ್ಮ್ ಕೂಡ ಬೇಕು.

ಎಚ್-1ಬಿಯಲ್ಲಿರುವವರು, ಅವರ ಅವಲಂಬಿತರಾಗಿ ಎಚ್-4ನಲ್ಲಿರುವವರು ಐ-797ರ ಮೂಲಪ್ರತಿಯನ್ನು ಕೈಯಲ್ಲೇ ಹಿಡಿದಿರಿ. ದಾಟಿ ಬಂದ ಅದೇ ಸಂಜೆ, ಗಾಡಿ ನಿಲ್ಲಿಸಿದ ಮೇಲೆ, ಪ್ರತಿಯೊಬ್ಬರ ಐ-94 ದಾಖಲೆಯನ್ನು ಆನ್‌ಲೈನ್‌ನಲ್ಲಿ ತೆಗೆದು ಕೊನೆಯ ದಿನಾಂಕ ನೋಡಿ. ಪಾಸ್‌ಪೋರ್ಟ್ ಮುಗಿಯುವ ದಿನಕ್ಕೆ ಅದನ್ನು ಮೊಟಕುಗೊಳಿಸಿರುವ ಸಾಧ್ಯತೆ ಇರುತ್ತದೆ. ಪರವಾನಗಿ ರದ್ದತಿಯ ರಸೀದಿಯ ಫೋಟೊ ತೆಗೆದು, ಮೂಲವನ್ನು ಗಾಡಿಯ ನೋಂದಣಿ ಪತ್ರದ ಜೊತೆಗೇ ಇಡಿ.